ಕರ್ಕಿ ಇಳಿಜಾರಿನ ಸುದ್ದಿಯಲ್ಲಿ ನಾನು ಬರೆಯದೆ ಬಿಟ್ಟದ್ದು

ಹನ್ನೊಂದು ವರ್ಷಗಳ ಹಿಂದೆ, ಜೂನ್ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲರ ಸುಮಾರಿಗೆ, ಹೊನ್ನಾವರದಿಂದ ಕುಮಟಾದತ್ತ ಹೊರಟಿದ್ದ ಮೋಟಾರ್ ಸೈಕಲ್ಲೊಂದು ಕರ್ಕಿಯ ಇಳಿಜಾರಿನಲ್ಲಿ ರಸ್ತೆಬದಿ ನಿಂತಿದ್ದ ಜಲ್ಲಿ ಲಾರಿಯ ಹಿಂಬದಿಗೆ ಬಡಿಯಿತು. ಹಿಂದೆ ಕುಳಿತಿದ್ದ ಲಲಿತಾ, ನಲವತ್ತೊಂದು ವರ್ಷ, ತಲೆಗೆ ಪೆಟ್ಟಾಗಿ ಸ್ಥಳದಲ್ಲೇ ತೀರಿಕೊಂಡರು. ಗಾಡಿ ಓಡಿಸುತ್ತಿದ್ದ ಅವರ ಗಂಡ ಸುಬ್ರಾಯ ಮಾಸ್ತರರ ಎಡಗೈ ಮುರಿಯಿತು.

ಮರುದಿನದ ಪತ್ರಿಕೆಗೆ ಆ ಸುದ್ದಿ ಬರೆದವನು ನಾನು. ಆ ಗಾಡಿಯ ಬ್ರೇಕು ಹಿಡಿಯದಂತೆ ಮಾಡಿದವನೂ ನಾನೇ. ಮೊದಲನೆಯದು ಊರಿಗೆಲ್ಲ ಗೊತ್ತು. ಎರಡನೆಯದನ್ನು ಈ ವರ್ಷದ ಮಾರ್ಚ್‌ವರೆಗೆ ನಾನು ಯಾರಿಗೂ ಹೇಳಲಿಲ್ಲ.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ನನಗೆ ಬರುವ ಕೆಲಸ ಇದೊಂದೇ. ಇದನ್ನಾದರೂ ನೆಟ್ಟಗೆ ಮಾಡಬೇಕು.

ಆಗ ನನಗೆ ಮೂವತ್ತೊಂದು. ಜಿಲ್ಲೆಯ ಒಂದು ದಿನಪತ್ರಿಕೆಗೆ ಹೊನ್ನಾವರದ ವರದಿಗಾರನಾಗಿದ್ದೆ. ಸುಬ್ರಾಯ ಮಾಸ್ತರರ ಮನೆಯ ಮಗ್ಗುಲಲ್ಲೇ, ಒಂದೇ ಜಗಲಿ ಹಂಚಿಕೊಂಡ ಎರಡು ಕೋಣೆಗಳಲ್ಲಿ ನನ್ನ ಬಾಡಿಗೆ ವಾಸ. ಜಗಲಿಯ ಕೆಳಗಿನ ಶೀಟಿನ ಮಾಡಿನಡಿ ಅವರ ಗಾಡಿಯೂ ನನ್ನ ಗಾಡಿಯೂ ಅಕ್ಕಪಕ್ಕ ನಿಲ್ಲುತ್ತಿದ್ದವು. ಮಾಸ್ತರರು ಶಾಲೆಯ ಮಾಸ್ತರರಲ್ಲ. ಪೇಟೆಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಗಾಡಿ ಕಲಿಸುವವರು. ಹೊನ್ನಾವರದಲ್ಲಿ ಆ ಕಾಲದಲ್ಲಿ ಬೈಕು ಕಲಿತವರಲ್ಲಿ ಅವರ ಕೈಕೆಳಗೆ ಕಲಿಯದವರು ಕಡಿಮೆ. ಹುಡುಗರು ಹಿಂದಿನಿಂದ ‘ಬ್ರೇಕ್ ಮಾಸ್ತರ’ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಖುಷಿಯೂ ಇತ್ತು.

ಆ ಹೆಸರು ಬರಲು ಕಾರಣ ಅವರು ಕಲಿಸುವ ರೀತಿ. ಮೊದಲ ಎರಡು ದಿನ ಎಂಜಿನ್ ಚಾಲೂ ಮಾಡಲು ಬಿಡುತ್ತಿರಲಿಲ್ಲ. ಗಾಡಿಯ ಮೇಲೆ ಕೂರಿಸಿ, ಹಿಂದಿನಿಂದ ತಾವೇ ದೂಡುತ್ತ, ನಿಲ್ಲಿಸು ಎನ್ನುತ್ತಿದ್ದರು. ಬಲಗೈಯ ನಾಲ್ಕು ಬೆರಳು ಮುಂದಿನ ಬ್ರೇಕು, ಬಲಗಾಲು ಹಿಂದಿನ ಬ್ರೇಕು. ಎಡಗೈ ಕ್ಲಚ್ಚು, ಎಡಗಾಲು ಗೇರು. ಎರಡೂ ಬ್ರೇಕು ಒಟ್ಟಿಗೆ, ಮೆತ್ತಗೆ, ಹಿಂಡಿದ ಹಾಗೆ. ನನ್ನನ್ನೂ ಹಾಗೆಯೇ ಮೈದಾನದಲ್ಲಿ ದೂಡಿದ್ದಾರೆ. ಅಲ್ಲಿ ಕ್ರಿಕೆಟ್ ಆಡುವವರು ನಗುತ್ತಿದ್ದರು. ನಾನು ನಾಚಿಕೊಂಡಾಗ ಮಾಸ್ತರರು ಹೇಳಿದ್ದು ನೆನಪಿದೆ:

“ಓಡ್ಸುಕೆ ಯಾರಿಗೂ ಬತ್ತದೆ ಮಾರಾಯಾ. ನಿಲ್ಸುಕೆ ಕಲಿ ಮೊದ್ಲು. ಒಂದ್ವೇಳೆ ಬ್ರೇಕು ಹಿಡಿಲಿಲ್ಲ ಅಂದ್ರೆ ಹೆದ್ರಬೇಡ, ಗೇರು ಇಳ್ಸು. ಗಾಡಿ ಕೂಗ್ತದೆ. ಕೂಗ್ಲಿ.”

ಅವರ ಹೆಂಡತಿ ಲಲಿತಕ್ಕ ನನ್ನನ್ನು ‘ತಮ್ಮಾ’ ಎಂದು ಕರೆಯುತ್ತಿದ್ದರು. ಸುದ್ದಿ ಕಳಿಸಿ ಮುಗಿಸುವ ಹೊತ್ತಿಗೆ ನನ್ನ ಊಟ ತಪ್ಪುವುದು ಅವರಿಗೆ ಗೊತ್ತಿತ್ತು. ಜಗಲಿಯ ನಡುಗೋಡೆಯ ಮೇಲೆ ಮುಚ್ಚಿದ ತಾಟು ಇರುತ್ತಿತ್ತು. ಮಗಳು ಪೂರ್ಣಿಮಾ ಆ ವರ್ಷ ಹತ್ತನೆಯ ತರಗತಿ ಪಾಸಾಗಿದ್ದಳು. ಆ ಮನೆಯವರಿಂದ ನಾನು ಪಡೆದದ್ದೇ ಹೆಚ್ಚು. ಏನಾದರೂ ಮರಳಿಸಬೇಕು ಎಂಬ ಆಸೆ ಇತ್ತು — ಆಸೆ ಎಂದರೆ ಪೂರ್ತಿ ಸತ್ಯವಾಗಲಿಕ್ಕಿಲ್ಲ. ಅವರ ಬಾಯಿಂದ ಒಮ್ಮೆ ಭೇಷ್ ಎನ್ನಿಸಿಕೊಳ್ಳಬೇಕೆಂಬ ಚಪಲ ಎಂದರೆ ಹೆಚ್ಚು ಹತ್ತಿರ.

ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಗಾಡಿಗಳಿಗೆ ಎಣ್ಣೆ ಹಚ್ಚುವ ರೂಢಿಯಿದೆ. ಸಮುದ್ರದ ಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ. ಒಂದು ಮಳೆಗಾಲದಲ್ಲಿ ಚಕ್ರದ ಕಡ್ಡಿಗಳು ಕೆಂಪಾಗುತ್ತವೆ. ಹಳೆಯ ಎಂಜಿನ್ ಆಯಿಲ್ ಹಚ್ಚುವವರಿದ್ದಾರೆ. ಇನ್ನು ಕೆಲವರು, ದೋಣಿಯ ಹಲಗೆಗೆ ಬಳಿಯುವ ತಾರ್ಲೆ ಮೀನಿನ ಎಣ್ಣೆಯನ್ನೇ ಗಾಡಿಯ ಕಬ್ಬಿಣಕ್ಕೂ ಬಳಿಯುತ್ತಾರೆ. ವಾಸನೆ ಹದಿನೈದು ದಿನ ಹೋಗುವುದಿಲ್ಲ, ತುಕ್ಕು ಮಾತ್ರ ಹತ್ತಿರ ಬರುವುದಿಲ್ಲ. ಹೊಳೆಯಾಚೆಯ ಕಾಸರಕೋಡಿನಲ್ಲಿ ದೋಣಿ ನಡೆಸುವ ಗೆಳೆಯನೊಬ್ಬ ನನಗೆ ಒಂದು ಬಾಟಲಿ ತುಂಬಿಸಿ ಕೊಟ್ಟಿದ್ದ.

ಅಪಘಾತಕ್ಕೆ ಎರಡು ದಿನ ಮೊದಲು, ಭಾನುವಾರ. ಮಾಸ್ತರರ ಮನೆಯವರು ಮೂವರೂ ಮುರ್ಡೇಶ್ವರಕ್ಕೆ, ಲಲಿತಕ್ಕನ ಅಣ್ಣನ ಮನೆಗೆ ರೈಲಿನಲ್ಲಿ ಹೋಗಿದ್ದರು. ಗಾಡಿ ಮಾಡಿನಡಿ ನಿಂತಿತ್ತು. ನಾನು ನನ್ನ ಗಾಡಿಗೆ ಎಣ್ಣೆ ಹಚ್ಚಿದೆ. ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಮಾಸ್ತರರ ಗಾಡಿಗೂ ಹಚ್ಚತೊಡಗಿದೆ. ಅಲ್ಲಿಗೆ ನಿಲ್ಲಿಸಿದ್ದರೆ —

ನಿಲ್ಲಿಸಲಿಲ್ಲ. ಹಿಂದಿನ ವಾರದಿಂದ ಎರಡೂ ಗಾಡಿಗಳ ಬ್ರೇಕು ಒತ್ತಿದಾಗ ಕಿಂಯ್ ಎನ್ನುತ್ತಿತ್ತು. ಆ ದಿನಗಳಲ್ಲಿ ನಮ್ಮಂಥವರ ಗಾಡಿಗಳಿಗೆಲ್ಲ ಡ್ರಮ್ ಬ್ರೇಕು. ಚಕ್ರದ ನಡುವೆ ಬಟ್ಟಲಿನಂಥ ಡ್ರಮ್ಮು, ಅದರೊಳಗೆ ಅರ್ಧ ಬಳೆಯ ಆಕಾರದ ಎರಡು ಪಟ್ಟಿಗಳು. ಬ್ರೇಕು ಒತ್ತಿದರೆ ಪಟ್ಟಿಗಳು ಅಗಲಿ ಡ್ರಮ್ಮಿಗೆ ಉಜ್ಜುತ್ತವೆ, ಚಕ್ರ ನಿಲ್ಲುತ್ತದೆ. ಆ ಪಟ್ಟಿಗಳನ್ನು ಅಗಲಿಸುವ ಸಣ್ಣ ಗೂಟವೊಂದು ಹೊರಗಿನಿಂದ ಒಳಕ್ಕೆ ಹೋಗುತ್ತದೆ. ಬಾಗಿಲಿನ ತಿರುಗಣಿ ಕಿರುಗುಟ್ಟಿದರೆ ನಾವು ಎಣ್ಣೆ ಬಿಡುವುದಿಲ್ಲವೇ — ಅಷ್ಟೇ ಬುದ್ಧಿಯಲ್ಲಿ, ಆ ಗೂಟದ ಸಂದಿಗೆ ಬಾಟಲಿಯ ಬಾಯಿಟ್ಟು ಎಣ್ಣೆ ಹೊಯ್ದೆ. ಹಿಂದಿನ ಚಕ್ರಕ್ಕೆ, ಮುಂದಿನ ಚಕ್ರಕ್ಕೆ, ಎರಡೂ ಗಾಡಿಗಳಿಗೆ. ಚಕ್ರ ತಿರುಗಿಸಿ ಬ್ರೇಕು ಒತ್ತಿ ನೋಡಿದೆ. ಸದ್ದು ಹೋಗಿತ್ತು. ಬಹಳ ಸಂತೋಷವಾಯಿತು. ಉಜ್ಜಿಯೇ ನಿಲ್ಲಬೇಕಾದ ಜಾಗಕ್ಕೆ ಎಣ್ಣೆ ಇಳಿದರೆ ಏನಾಗುತ್ತದೆ ಎಂದು ಯೋಚಿಸಲಿಲ್ಲ. ಆ ಎಣ್ಣೆ ಒಮ್ಮೆಲೇ ಒಳಗೆ ಇಳಿಯುವುದಿಲ್ಲ. ಗಾಡಿ ಓಡಿ, ಡ್ರಮ್ಮು ಬಿಸಿಯಾದ ಹಾಗೆ ತೆಳುವಾಗಿ ಹರಡುತ್ತದೆ. ಇದು ನನಗೆ ಆಮೇಲೆ ತಿಳಿದದ್ದು.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದ ತಪ್ಪು ಎಂದು ನನ್ನನ್ನು ನಾನು ಬಿಡಿಸಿಕೊಳ್ಳಬಹುದಿತ್ತೇನೋ. ಸೋಮವಾರ ಸಂಜೆಯ ಸಂಗತಿಯೊಂದಿದೆ.

ಸೋಮವಾರ ನಾನು ಅಪ್ಸರಕೊಂಡಕ್ಕೆ ಹೋಗಿದ್ದೆ. ಕಡಲು ದಂಡೆ ಕೊರೆಯುತ್ತಿದೆ ಎಂದು ಅಲ್ಲಿನವರು ಫೋನ್ ಮಾಡಿದ್ದರು. ಮರಳಿ ಬರುವಾಗ ಹೆದ್ದಾರಿಯಲ್ಲಿ ಮುಂದಿನ ಬಸ್ಸು ನಿಂತಿತು. ನಾನು ಎರಡೂ ಬ್ರೇಕು ಒತ್ತಿದೆ. ಗಾಡಿ ನಿಲ್ಲಲಿಲ್ಲ, ಸರಿಯಿತು. ಕಾಲು ನೆಲಕ್ಕೆ ಉಜ್ಜಿ, ಬಸ್ಸಿನ ಪಕ್ಕಕ್ಕೆ ತಿರುಗಿಸಿ, ಒಂದು ಮಾರು ಮುಂದೆ ಹೋಗಿ ನಿಂತೆ. ಸಣ್ಣಗೆ ಮಳೆಯಿತ್ತು. ಮಳೆನೀರು ಡ್ರಮ್ಮಿಗೆ ಹೋಗಿರಬೇಕು ಅಂದುಕೊಂಡೆ. ನಿಜವಾಗಿ ಅಂದುಕೊಂಡೆನೋ, ಅಂದುಕೊಳ್ಳಬೇಕು ಎಂದು ತೀರ್ಮಾನಿಸಿದೆನೋ — ಈಗ ಬೇರ್ಪಡಿಸಿ ಹೇಳಲಾರೆ. ಉಳಿದ ದಾರಿಯನ್ನು ಎರಡನೇ ಗೇರಿನಲ್ಲಿ ಬಂದೆ. ಅದು ಮಾತ್ರ ಖಚಿತ.

ಮನೆಗೆ ಬಂದಾಗ ಮಾಸ್ತರರು ಜಗಲಿಯಲ್ಲಿದ್ದರು. ಆಗಷ್ಟೇ ಮುರ್ಡೇಶ್ವರದಿಂದ ಬಂದಿದ್ದರು. ಪೂರ್ಣಿಮಾಗೆ ಜ್ವರ ಬಂದಿದೆ, ನಾಳೆ ಅವಳ ಕಾಲೇಜಿನ ಅರ್ಜಿ ಕೊಡಲು ತಾವಿಬ್ಬರೇ ಕುಮಟಾಕ್ಕೆ ಹೋಗುತ್ತೇವೆ ಎಂದರು. ಗಾಡಿಯಲ್ಲೋ ಎಂದು ಕೇಳಿದೆ. ಗಾಡಿಯಲ್ಲೇ ಎಂದರು. ಆಗ ನಾನು ಹೇಳಬೇಕಿತ್ತು: ನಿಮ್ಮ ಬ್ರೇಕಿಗೆ ಎಣ್ಣೆ ಬಿಟ್ಟಿದ್ದೇನೆ, ನನ್ನದು ಇವತ್ತು ಜಾರಿತು, ಒಮ್ಮೆ ನೋಡಿಕೊಳ್ಳಿ. ಒಂದೇ ಸಾಲು. ಆದರೆ ಎಣ್ಣೆ ಹಚ್ಚಿದ್ದನ್ನು ಅವರೇ ಕಂಡು ಹೊಗಳಲಿ ಎಂದು ನಾನು ಭಾನುವಾರದಿಂದ ಕಾಯುತ್ತಿದ್ದೆ. ಈಗ ಅದನ್ನೇ ತಪ್ಪು ಎಂದು ಹೇಳಿಕೊಳ್ಳಬೇಕಿತ್ತು, ಅದೂ ಬ್ರೇಕ್ ಮಾಸ್ತರರ ಮುಂದೆ. ಅಷ್ಟರಲ್ಲಿ ಕಚೇರಿಯಿಂದ ಫೋನ್ ಬಂತು. ಕಡಲಕೊರೆತದ ಸುದ್ದಿ ಬೇಗ ಕಳಿಸಿ ಎಂದರು. ನಾನು ಒಳಗೆ ಹೋದೆ.

ಬೆಳಿಗ್ಗೆ ಅವರ ಗಾಡಿ ಹೊರಟ ಸದ್ದು ಕೇಳಿಸಿತು. ಗೇಟಿನ ಹತ್ತಿರ ಒಮ್ಮೆ ನಿಂತು, ಮುಂದೆ ಹೋಯಿತು. ನಿಂತಿತಲ್ಲ, ಸರಿಯೇ ಇದೆ ಎಂದು ಮಗ್ಗುಲು ಬದಲಿಸಿದೆ.

ಒಂಬತ್ತೂವರೆಗೆ ಕರ್ಕಿಯಿಂದ ಪರಿಚಯದವರೊಬ್ಬರು ಫೋನ್ ಮಾಡಿದರು. ನಾನು ಸ್ಥಳಕ್ಕೆ ಹೋದದ್ದೂ ಎರಡನೇ ಗೇರಿನಲ್ಲೇ. ಹೋಗುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಹಲವು ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಆದದ್ದೇನೆಂದು ಕೈಕಾಲು ಆಗಲೇ ತಿಳಿದುಕೊಂಡಿದ್ದವು ಎಂದಷ್ಟೇ ಹೇಳಬಲ್ಲೆ.

ಲಲಿತಕ್ಕನನ್ನು ಅಷ್ಟರಲ್ಲಿ ವಾಹನದಲ್ಲಿ ಒಯ್ದಿದ್ದರು. ಮಾಸ್ತರರನ್ನೂ. ರಸ್ತೆಯ ಮೇಲೆ ಒಂದು ಚಪ್ಪಲಿ, ಪ್ಲಾಸ್ಟಿಕ್ ಚೀಲದಲ್ಲಿ ಪೂರ್ಣಿಮಾಳ ಅಂಕಪಟ್ಟಿ ಮತ್ತು ಭಾವಚಿತ್ರಗಳು ಇದ್ದವು. ಪೊಲೀಸರೊಬ್ಬರು ಚೀಲವನ್ನು ಎತ್ತಿ ಒರೆಸುತ್ತಿದ್ದರು. ನಾನು ನೋಟ್‌ಬುಕ್ ತೆಗೆದೆ. ಎದುರು ಬದಿಯಲ್ಲಿ ಎಳನೀರು ಮಾರುತ್ತಿದ್ದವನು ಪೂರ್ತಿ ನೋಡಿದ್ದ. ಕೇಳಿದೆ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿದ್ದೇನೆ. ಆ ಪುಟ ಈಗಲೂ ನನ್ನ ಬಳಿಯಿದೆ:

“ಲಾರಿ ಹತ್ರ ಬರೂ ಹೊತ್ತಿಗೆ ಗಾಡಿ ಒಂದ್ಸಲ ದೊಡ್ಡಕೆ ಕೂಗ್ತು. ಮತ್ತೊಂದ್ಸಲ ಕೂಗ್ತು. ಅಷ್ಟೇಯಾ, ಹೊಡೀತು.”

ಸುತ್ತ ನಿಂತವರು ತಲೆದೂಗಿದರು. ಗಾಡಿ ಕೂಗಿತು ಎಂದರೆ ಜೋರಾಗಿ ಬಿಟ್ಟಿದ್ದ ಎಂದೇ ಎಲ್ಲರಿಗೂ ಅರ್ಥ. ಎಳನೀರಿನವನೂ ಅದೇ ಅರ್ಥದಲ್ಲಿ ಹೇಳಿದ್ದು. ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು — ಇಳಿಜಾರಿನಲ್ಲಿ ಗಾಡಿ ಎರಡು ಸಲ ಕೂಗಿದ್ದು ಯಾಕೆಂದು. ಬ್ರೇಕು ಹಿಡಿಯದಾಗ ಮಾಸ್ತರರು ಗೇರು ಇಳಿಸಿದ್ದಾರೆ. ಒಂದು ಗೇರು. ಮತ್ತೊಂದು ಗೇರು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಲಾರಿ ಎದುರಿಗಿರುವಾಗ, ಅವರು ನನಗೆ ಕಲಿಸಿದ್ದನ್ನು ತಾವೂ ತಪ್ಪದೆ ಮಾಡಿದ್ದಾರೆ.

ನಾನು ಆ ಸಾಲಿನ ಕೆಳಗೆ ಒಂದು ಗೆರೆ ಎಳೆದು, ‘ಅತಿವೇಗ’ ಎಂದು ಬರೆದುಕೊಂಡೆ.

ಆ ಶಬ್ದವನ್ನು ನನಗೆ ಯಾರೂ ಹೇಳಲಿಲ್ಲ. ಠಾಣೆಯಲ್ಲಿ ಆ ಹೊತ್ತಿಗೆ ಪ್ರಕರಣವೂ ದಾಖಲಾಗಿರಲಿಲ್ಲ. ಅಪಘಾತದ ಸುದ್ದಿಗಳಿಗೆ ನಾವು ಒಂದು ಅಚ್ಚು ಇಟ್ಟುಕೊಂಡಿರುತ್ತೇವೆ: ಅತಿವೇಗ ಮತ್ತು ನಿರ್ಲಕ್ಷ್ಯದ ಚಾಲನೆಯೇ ಕಾರಣ ಎನ್ನಲಾಗಿದೆ. ಎನ್ನಲಾಗಿದೆ — ಅಂದವರು ಯಾರು ಎಂದು ಯಾರೂ ಕೇಳುವುದಿಲ್ಲ. ಆ ಕ್ರಿಯಾಪದದ ಹಿಂದೆ ನಾನು ಕುಳಿತುಕೊಂಡೆ. ಅಷ್ಟೇ ಅಲ್ಲದೆ, ಗಾಯಗೊಂಡವರು ಡ್ರೈವಿಂಗ್ ಸ್ಕೂಲಿನ ತರಬೇತುದಾರರು ಎಂಬ ವಿವರವನ್ನೂ ಮೊದಲ ಸಾಲಿನಲ್ಲೇ ಸೇರಿಸಿದೆ. ಒಳ್ಳೆಯ ವರದಿಗಾರ ಬಿಡದ ವಿವರ ಅದು. ಡೆಸ್ಕಿನವರು ಅದನ್ನೇ ತಲೆಬರಹ ಮಾಡಿದರು: ‘ಚಾಲನೆ ಕಲಿಸುವವರ ಅತಿವೇಗ: ಲಾರಿಗೆ ಬೈಕ್ ಬಡಿದು ಪತ್ನಿ ಸಾವು.’

ಮರುದಿನ ಚಾದಂಗಡಿಯಲ್ಲಿ ಒಬ್ಬ ಅದನ್ನು ಗಟ್ಟಿಯಾಗಿ ಓದಿದ. ಬ್ರೇಕ್ ಮಾಸ್ತರನಿಗೇ ಬ್ರೇಕ್ ಸಿಗಲಿಲ್ಲವಲ್ಲ ಎಂದು ಇನ್ನೊಬ್ಬ. ಕೇಡಿನಿಂದ ಅಂದದ್ದಲ್ಲ, ಸುಮ್ಮನೆ ಬಾಯಿಗೆ ಬಂದದ್ದು. ನಾನು ಅಲ್ಲೇ ಚಾ ಕುಡಿಯುತ್ತಿದ್ದೆ.

ಠಾಣೆಯಲ್ಲಿ ಗಾಡಿಯನ್ನು ಪರೀಕ್ಷಿಸಿದವರು ಹಿಡಿಕೆ, ತಂತಿ, ಪೆಡಲು ಎಲ್ಲ ನೋಡಿದರು. ಯಾವುದೂ ಕಡಿದಿರಲಿಲ್ಲ. ಒತ್ತಿದರೆ ಒತ್ತುತ್ತಿತ್ತು, ಬಿಟ್ಟರೆ ಮರಳುತ್ತಿತ್ತು. ಹೊರಗಿನಿಂದ ನೋಡುವವರಿಗೆ ಬ್ರೇಕು ಸರಿಯಿತ್ತು. ಹಾಗೆಂದೇ ಬರೆದರು. ಡ್ರಮ್ಮಿನೊಳಗೆ ನೋಡಿ ಎಂದು ಹೇಳಬಲ್ಲವನು ನಾನೊಬ್ಬನೇ ಇದ್ದೆ.

ಎರಡು ತಿಂಗಳ ಮೇಲೆ ಠಾಣೆಯವರು ಗಾಡಿ ಬಿಟ್ಟುಕೊಟ್ಟರು. ಮಾಸ್ತರರು ಅದನ್ನು ನೋಡಲು ಒಪ್ಪಲಿಲ್ಲ. ಕೈಗಿನ್ನೂ ಪಟ್ಟಿ ಇತ್ತು. ಎಂತಾರೂ ಮಾಡು, ನನ್ನ ಕಣ್ಣಿಗೆ ಬೀಳೂದು ಬೇಡ ಎಂದು ನನಗೆ ಒಪ್ಪಿಸಿದರು. ನಾನು ಅದನ್ನು ಟೆಂಪೋದಲ್ಲಿ ಹಾಕಿಸಿ ಜಾಫರ್ ಭಾಯಿಯ ಗ್ಯಾರೇಜಿಗೆ ಒಯ್ದೆ. ಜಾಫರ್ ಭಾಯಿ ಭಟ್ಕಳದವರು, ಹೊನ್ನಾವರದಲ್ಲಿ ಗ್ಯಾರೇಜು ಇಟ್ಟು ಇಪ್ಪತ್ತು ವರ್ಷ. ಹಿಂದಿನ ಚಕ್ರ ಬಿಚ್ಚಿ ಡ್ರಮ್ಮು ತೆರೆದರು. ಬೆರಳಾಡಿಸಿ ಮೂಗಿಗೆ ಹಿಡಿದರು. ಆಮೇಲೆ ಮುಂದಿನದನ್ನೂ ಬಿಚ್ಚಿದರು. ಒಳಗಿನ ಪಟ್ಟಿಗಳು ಎಣ್ಣೆ ಕುಡಿದು ಕಪ್ಪಗೆ ಹೊಳೆಯುತ್ತಿದ್ದವು.

“ಸಾಹೇಬ್ರೆ, ಇದು ಮೀನಿನ ತೇಲ್. ಗಾಡಿ ಫಸ್ಟ್ ಗೇರಲ್ಲಿ ಕಚ್ಚಿ ನಿಂತದೆ, ನೋಡಿ. ಆ ಮನುಷ್ಯ ನಿಲ್ಸಲಿಕ್ಕೆ ಎಲ್ಲ ಮಾಡಿದಾನೆ.” ನನ್ನ ಕಡೆ ತಿರುಗಿ ಕೇಳಿದರು: “ಇಲ್ಲಿ ಯಾರು ಹಾಕಿದ್ದು ಇದು?”

“ಗೊತ್ತಿಲ್ಲ” ಎಂದೆ.

ಹನ್ನೊಂದು ವರ್ಷಗಳಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಬಾಯಿಬಿಟ್ಟು ಹೇಳಿದ್ದು ಇದೊಂದು, ಮುಂದೆ ಬರುವ ಇನ್ನೊಂದು. ಉಳಿದದ್ದೆಲ್ಲ ಸುಮ್ಮನಿದ್ದು ಹೇಳಿದ್ದು. ಮಾಸ್ತರರೇ ತಿಳಿಯದೆ ಹಾಕಿಕೊಂಡಿರಬೇಕು ಎಂದು ಜಾಫರ್ ಭಾಯಿ ತಾವಾಗಿಯೇ ಅರ್ಥ ಮಾಡಿಕೊಂಡರು. ಪಾಪ, ಹೇಳಬೇಡಿ ಅವರಿಗೆ, ಇನ್ನೂ ಸಾಯ್ತಾರೆ ಎಂದರು. ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಎಷ್ಟು ಸುಲಭವಾಗಿ ಕೊಟ್ಟೆ! ಆ ಪಟ್ಟಿಗಳು ಅವರ ಗುಜರಿ ಡಬ್ಬಕ್ಕೆ ಹೋದವು.

ಆ ವರ್ಷದ ಕೊನೆಗೆ, ನಿರ್ಲಕ್ಷ್ಯದಿಂದ ಗಾಡಿ ಓಡಿಸಿ ಸಾವಿಗೆ ಕಾರಣರಾದರೆಂದು ಮಾಸ್ತರರ ಮೇಲೆ ಹಾಕಿದ್ದ ಪ್ರಕರಣ ನ್ಯಾಯಾಲಯಕ್ಕೆ ಬಂತು. ಹೋರಾಡಬಹುದು, ವೇಗವಿತ್ತು ಎನ್ನಲು ಗಟ್ಟಿ ಸಾಕ್ಷಿಯಿಲ್ಲ ಎಂದು ವಕೀಲರು ಹೇಳಿದ್ದರಂತೆ. ಮಾಸ್ತರರು ಬೇಡ ಎಂದರಂತೆ. ನಾನು ಕೋರ್ಟಿನ ಸುದ್ದಿಗೆಂದು ಅಲ್ಲೇ ಹಿಂದಿನ ಬೆಂಚಿನಲ್ಲಿದ್ದೆ. ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದಾಗ ಅವರು, ಹೌದು, ಎಂದರು. ಎರಡನೆಯ ಸಲ ಕೇಳಿದಾಗಲೂ ಹೌದು ಎಂದರು. ದಂಡ ಕಟ್ಟಿ ಹೊರಬರುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ಊಟ ಮಾಡಿದ್ಯಾ ಶ್ರೀಧರಾ ಎಂದು ಕೇಳಿದರು. ಮರುದಿನ ನಾಲ್ಕು ಸಾಲಿನ ಸುದ್ದಿ ಬಂತು. ಅದನ್ನೂ ನಾನೇ ಬರೆದೆ.

ಡ್ರೈವಿಂಗ್ ಸ್ಕೂಲಿನಲ್ಲಿ ಅಷ್ಟರಲ್ಲೇ ಜನ ಬೇರೆ ಮಾಸ್ತರರನ್ನು ಕೇಳತೊಡಗಿದ್ದರು. ಅವರು ಕೆಲಸ ಬಿಟ್ಟು ಕಾಗಾಲದ ತಮ್ಮ ಅಕ್ಕನ ಮನೆಗೆ ಹೋದರು. ಅಲ್ಲಿ ಗದ್ದೆಯ ಕೆಲಸಕ್ಕೆ ನಿಂತರು. ಪೂರ್ಣಿಮಾಳನ್ನು ಅವಳ ಸೋದರಮಾವ ಮುರ್ಡೇಶ್ವರಕ್ಕೆ ಕರೆದೊಯ್ದರು. ಮೊದಲ ವರ್ಷ ಅಪ್ಪ ಅಲ್ಲಿಗೆ ಹೋಗಿಬರುತ್ತಿದ್ದರು. ಅವಳು ಎದುರಿಗೆ ಕೂರುತ್ತಿರಲಿಲ್ಲವಂತೆ. ಆಮೇಲೆ ಹೋಗುವುದು ನಿಂತಿತು. ಅಪ್ಪನ ಮೇಲೆ ಸಿಟ್ಟು ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ನಾನು ಆ ಬಾಡಿಗೆ ಮನೆ ಬಿಟ್ಟೆ, ಮದುವೆಯಾದೆ, ಕುಮಟಾಕ್ಕೆ ವರ್ಗವಾದೆ. ರಸ್ತೆ ಸುರಕ್ಷತೆಯ ಬಗ್ಗೆ ಒಂದು ಲೇಖನಮಾಲೆಯನ್ನೂ ಬರೆದೆ. ಬ್ರೇಕಿನ ಪಟ್ಟಿಗಳಿಗೆ ಎಣ್ಣೆ ತಾಗಬಾರದು ಎಂಬ ವಾಕ್ಯ ಅದರಲ್ಲಿದೆ. ಬರೆದು, ಸರಾಗವಾಗಿ ಮುಂದಿನ ವಾಕ್ಯಕ್ಕೆ ಹೋದೆ. ಅದನ್ನು ಹೇಳಿದರೆ ನನ್ನ ಬಗ್ಗೆ ಹೇಳಬೇಕಾದ್ದು ಬಹುಪಾಲು ಹೇಳಿದಂತೆ.

ಈ ವರ್ಷ ಫೆಬ್ರುವರಿಯಲ್ಲಿ ಮುರ್ಡೇಶ್ವರದ ಒಂದು ಹೋಟೆಲಿನಲ್ಲಿ ಪತ್ರಿಕಾಗೋಷ್ಠಿಯಿತ್ತು. ಮುಗಿಸಿ ಹೊರಡುವಾಗ ಸ್ವಾಗತದ ಮೇಜಿನ ಹಿಂದಿನಿಂದ ಯಾರೋ, ಶ್ರೀಧರಣ್ಣ ಎಂದರು. ಪೂರ್ಣಿಮಾ. ಅಲ್ಲೇ ಅವಳ ಕೆಲಸ. ಲಲಿತಕ್ಕನದೇ ಮುಖ. ಕೂರಿಸಿ ಚಾ ತರಿಸಿದಳು. ಪತ್ರಿಕೆ, ಕೆಲಸ, ನನ್ನ ಮಗ ಎಷ್ಟನೆಯ ತರಗತಿ ಎಂದೆಲ್ಲ ಕೇಳಿ, ಆಮೇಲೆ ಪರ್ಸಿನಿಂದ ಪ್ಲಾಸ್ಟಿಕ್ ಹೊದಿಸಿದ ಸಣ್ಣ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಆ ಸುದ್ದಿ.

“ನಿಮ್ಮತ್ರ ಒಂದು ಕೇಳ್ಬೇಕಿತ್ತು. ಅತಿವೇಗ ಅಂತ ಬರ್ದಿದ್ರಿ ಅಲ್ದಾ. ಎಷ್ಟು ವೇಗ ಇತ್ತು, ಯಾರು ಹೇಳಿದ್ದು ನಿಮ್ಗೆ?”

ಇಷ್ಟು ವರ್ಷಗಳ ನನ್ನ ಕೆಲಸದಲ್ಲಿ ಡೆಸ್ಕಿನವರು ಕೇಳದ, ಠಾಣೆಯವರು ಕೇಳದ ಪ್ರಶ್ನೆ. ಯಾಕೆ ಈಗ ಎಂದೆ. ಅವಳು ಹೇಳಿದಳು. ಆ ಬೆಳಿಗ್ಗೆ ಅವಳು ಜ್ವರದಲ್ಲಿ ಮಲಗಿದ್ದಳು. ಅಪ್ಪ ಅಮ್ಮ ಹೊರಡಲು ತಡ ಮಾಡುತ್ತಿದ್ದರು. ಹನ್ನೊಂದು ಗಂಟೆಗೆ ಅರ್ಜಿ ತೆಗೆದುಕೊಳ್ಳುವುದು ನಿಲ್ಲಿಸುತ್ತಾರೆ ಎಂದು ಅವಳು ರೇಗಿದ್ದಳು.

“ಬೇಗ ಹೋಗಿ, ಬೇಗ ಹೋಗಿ ಅಂತ ಕೂಗ್ದೆ. ಅಪ್ಪ ಯಾವತ್ತೂ ಜೋರು ಬಿಡುವವ್ರಲ್ಲ. ನಾ ಹೇಳಿದ್ದಕ್ಕೇ ಬಿಟ್ಟದ್ದು. ಅದ್ಕೇ ಅವ್ರ ಮುಖ ನೋಡುಕೆ ಆಗೂದಿಲ್ಲ ನಂಗೆ.”

ಮಾಸ್ತರರಿಗೆ ನಾನು ಎಸಗಿದ್ದು ಏನೆಂದು ನನಗೆ ಗೊತ್ತಿತ್ತು. ಈ ಹುಡುಗಿಗೂ ಎಸಗಿದ್ದೇನೆ ಎಂಬುದು ಆ ಹೊತ್ತಿನವರೆಗೆ ಗೊತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಗೆರೆಯ ಕೆಳಗೆ ಬರೆದ ಒಂದು ಶಬ್ದವನ್ನು ಅವಳು ಹದಿನಾರರಿಂದ ಇಪ್ಪತ್ತೇಳರವರೆಗೆ ಪರ್ಸಿನಲ್ಲಿಟ್ಟುಕೊಂಡು ತಿರುಗಿದ್ದಳು. ಅಲ್ಲೇ ಹೇಳಬಹುದಿತ್ತು. ಚಾ ತಣ್ಣಗಾಗುವವರೆಗೆ ಸಮಯವಿತ್ತು. ನಾನು ಹೇಳಿದ್ದು — ಹಳೆಯ ನೋಟ್‌ಬುಕ್ ನೋಡಬೇಕಮ್ಮಾ, ನೆನಪಿಲ್ಲ. ಇದು ಆ ಇನ್ನೊಂದು ಸುಳ್ಳು.

ಮನೆಗೆ ಬಂದು ನೋಟ್‌ಬುಕ್ ಹುಡುಕಿದೆ. ಸಿಕ್ಕಿತು. ‘ಗಾಡಿ ಒಂದ್ಸಲ ದೊಡ್ಡಕೆ ಕೂಗ್ತು. ಮತ್ತೊಂದ್ಸಲ ಕೂಗ್ತು.’ ಆಮೇಲೆ ಗೆರೆ. ಆಮೇಲೆ ನನ್ನ ಅಕ್ಷರ. ಮೂರು ವಾರ ಆ ಪುಟವನ್ನು ಚೀಲದಲ್ಲಿಟ್ಟುಕೊಂಡು ತಿರುಗಿದೆ. ಮಾರ್ಚ್ ಎರಡನೆಯ ವಾರ ಕಾಗಾಲಕ್ಕೆ ಹೋದೆ.

ಮಾಸ್ತರರು ಅಕ್ಕನ ಮನೆಯ ಅಂಗಳದಲ್ಲಿ ಶೇಂಗಾ ಹರವುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾ ಶ್ರೀಧರಾ, ಬಿಸ್ಲಲ್ಲಿ ಎಂತಕ್ಕೆ ಬಂದೆ ಎಂದು ಒಳಗೆ ನೋಡಿ ನೀರು ತರಲು ಹೇಳಿದರು. ನೀರು ಬರುವುದರೊಳಗೆ ಹೇಳಿಬಿಟ್ಟೆ. ಬಾಟಲಿ, ಗೂಟದ ಸಂದಿ, ಸೋಮವಾರದ ಬಸ್ಸು, ಎಳನೀರಿನವನ ಮಾತು, ಜಾಫರ್ ಭಾಯಿಗೆ ಹೇಳಿದ ಗೊತ್ತಿಲ್ಲ. ಬರೆದ ಶಬ್ದ. ಅವರು ಶೇಂಗಾ ಹರವುವುದನ್ನು ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ತಮ್ಮ ಬಲಗಾಲಿನ ಪಾದವನ್ನು ನೋಡುತ್ತ ಕೂತರು.

“ಹಂಗಾರೆ ನಾ ಒತ್ತಿದ್ದೆ” ಎಂದರು.

ಆ ಪಾದವನ್ನು ನೆಲಕ್ಕೆ ಒಮ್ಮೆ ಒತ್ತಿದರು.

“ಒತ್ತಿದ್ದೆ, ಗಾಡಿ ನಿಲ್ಲಲಿಲ್ಲ. ಒತ್ತಿದ್ರೆ ನಿಲ್ಲದೆ ಇರ್ತದ್ಯಾ? ನಾನೇ ಒತ್ತಲಿಲ್ಲ, ಒತ್ತಿದೆ ಅಂತ ಸುಳ್ಳು ನೆನಪು ಅಂದ್ಕಂಡೆ. ಸಾವ್ರ ಜನಕ್ಕೆ ಕಲಿಸ್ದವಂಗೆ ಆ ಹೊತ್ತಿಗೆ ಕಾಲೇ ಬರ್ಲಿಲ್ಲ ಅಂದ್ಕಂಡೆ. ಹನ್ನೊಂದು ವರ್ಷ.”

ಅವರ ಅಕ್ಕ ನೀರು ತಂದಿಟ್ಟು ಒಳಗೆ ಹೋದರು. ಮಾಸ್ತರರು ಇನ್ನೊಂದು ವಿಷಯ ಹೇಳಿದರು. ಅದನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಇದೂ ಹಳೆಯ ಸುದ್ದಿಯ ಹಾಗೆಯೇ ಆಗುತ್ತದೆ. ಆ ಬೆಳಿಗ್ಗೆ ಗೇಟಿನ ಹತ್ತಿರ ಗಾಡಿ ನಿಂತದ್ದು ಲಲಿತಕ್ಕ ನಿಲ್ಲಿಸಿದ್ದರಿಂದ. ಚಕ್ರದ ಕಡ್ಡಿಗಳು ಹೊಳೆಯುವುದನ್ನು ಅವರು ಕಂಡಿದ್ದರು.

“‘ಶ್ರೀಧರ ಹಚ್ಚಿದ್ದಿರ್ಬೇಕು, ನೋಡಿ, ನಮ್ಮ ಗಾಡಿಗೂ ಹಚ್ಚಿದಾನೆ’ ಅಂದ್ಲು. ನೀ ಕಡ್ಡಿಗೆ ಮಾತ್ರ ಹಚ್ಚಿದ್ದು ಅಂತ ನಾನು ಅಂದ್ಕಂಡೆ. ಸಂಜೆ ಬಂದು ನಿಂಗೆ ಹೇಳ್ಬೇಕು ಅಂತಿದ್ಲು.”

ನಾನು ಕ್ಷಮೆ ಕೇಳಲಿಲ್ಲ. ಕೇಳಲು ಹೋದೆ, ಬಾಯಿ ತೆರೆಯುವ ಮೊದಲೇ ಅವರು ಕೈ ಅಡ್ಡ ಹಿಡಿದರು. ಸಿಟ್ಟಿನಿಂದಲ್ಲ. ಸುಮ್ಮನೆ, ಸಾಕು ಎನ್ನುವಂತೆ. ನಂಗೆ ಹೇಳಿದ್ದು ಆತು, ಪೂರ್ಣಿಮಂಗೆ ಹೋಗಿ ಹೇಳು ಎಂದರು. ಬೇಗ ಹೋಗಿ ಎಂದದ್ದಕ್ಕೆ ಮಗಳು ತಾಯಿಯ ಸಾವನ್ನು ತನ್ನ ಮೇಲೆ ಹಾಕಿಕೊಂಡಿದ್ದಾಳೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಅದನ್ನು ನನ್ನಿಂದ ಕೇಳಿದ ಮೇಲೆ ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ನೀರು ಕುಡಿಯದೆ ನಾನು ಹೊರಟೆ.

ಮಾರನೆಯ ದಿನ ಮುರ್ಡೇಶ್ವರಕ್ಕೆ ಹೋಗಿ ಪೂರ್ಣಿಮಾಗೆ ಹೇಳಿದೆ. ಹೋಟೆಲಿನ ಹೊರಗೆ, ಮೀನುಬಲೆ ಒಣಹಾಕುವ ಕಡೆ ನಿಂತು. ನೋಟ್‌ಬುಕ್ಕಿನ ಪುಟ ತೋರಿಸಿದೆ. ಅವಳು ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡಳು. ಅಳಲಿಲ್ಲ. ಬೈಯಲಿಲ್ಲ. ನನ್ನನ್ನು ಶ್ರೀಧರಣ್ಣ ಎಂದು ಕರೆಯಲೂ ಇಲ್ಲ.

“ಆವಾಗ ಪೇಪರಿನಲ್ಲಿ ಹಾಕಿದ್ರಿ. ಇದನ್ನೂ ಹಾಕಿ. ಅಮ್ಮನ ಹೆಸರು ಹಾಕಿ” ಎಂದು ಹೇಳಿ, ಕೆಲಸದ ಹೊತ್ತಾಯಿತೆಂದು ಒಳಗೆ ಹೋದಳು.

ಅದೇ ವಾರ ಠಾಣೆಗೆ ಹೋಗಿ ನನ್ನ ಹೇಳಿಕೆಯನ್ನು ಬರೆದುಕೊಟ್ಟೆ. ಪ್ರಕರಣ ಮುಗಿದದ್ದು, ಮೇಲಿನವರಿಗೆ ಕಳಿಸುತ್ತೇವೆ ಎಂದು ತೆಗೆದುಕೊಂಡು ಪ್ರತಿಯ ಮೇಲೆ ಮುದ್ರೆ ಹಾಕಿಕೊಟ್ಟರು. ನಾನು ಕೆಲಸ ಮಾಡುವ ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿ ಎಂದು ಕೇಳಿದೆ. ಹನ್ನೊಂದು ವರ್ಷ ಹಿಂದಿನ ಸುದ್ದಿಗೆ ತಿದ್ದುಪಡಿ ಹಾಕುವ ಪದ್ಧತಿಯಿಲ್ಲ ಎಂದರು. ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಅದರಿಂದ ಯಾರಿಗೂ ಏನೂ ಮರಳಿ ಬರುವುದಿಲ್ಲ, ಆದರೆ ಇನ್ನೊಬ್ಬರ ಅಪಘಾತದ ಸುದ್ದಿಯನ್ನು ಬರೆಯುವ ಯೋಗ್ಯತೆ ನನಗೆ ಇಲ್ಲ. ಜಾಫರ್ ಭಾಯಿಗೂ ಹೇಳಿದೆ. ಅವರು ಕೈಯಲ್ಲಿದ್ದ ಕೆಲಸ ಮುಗಿಸಿ ಕೈ ಒರೆಸಿಕೊಂಡರು. ಕೊನೆಗೆ, ನನ್ನ ಅಂಗಡಿಯಲ್ಲಿ ನಿಂತು ಹೇಳಿದಿರಲ್ಲ ಸಾಹೇಬ್ರೆ ಆ ಸುಳ್ಳನ್ನು, ಎಂದರು.

ಇದನ್ನು ಬರೆದು ಮುಗಿಸಿ, ಅಚ್ಚಿಗೆ ಕೊಡುವ ಮೊದಲು, ಒಂದು ಪ್ರತಿಯನ್ನು ಪೂರ್ಣಿಮಾಗೆ ಕಳಿಸಿದೆ. ತಿದ್ದುವುದಿದ್ದರೆ ತಿದ್ದಿ ಎಂದು ಬರೆದಿದ್ದೆ. ಹತ್ತು ದಿನ ಉತ್ತರವಿರಲಿಲ್ಲ. ಕಳೆದ ಗುರುವಾರ ಅಂಚೆಯಲ್ಲಿ ಪ್ರತಿ ಮರಳಿ ಬಂತು. ಲಕೋಟೆಯ ಮೇಲೆ ಕುಮಟಾ ಕಡೆಯ ಮುದ್ರೆಯಿತ್ತು, ಮುರ್ಡೇಶ್ವರದ್ದಲ್ಲ. ಒಳಗೆ ಒಂದು ಚೀಟಿ. ಭಾನುವಾರ ಕಾಗಾಲಕ್ಕೆ ಬಂದು ಅಪ್ಪನಿಗೆ ಇದನ್ನು ಪೂರ್ತಿ ಓದಿ ಹೇಳಿದೆ, ಒಂದು ಸಾಲು ಬಿಟ್ಟುಹೋಗಿದೆ, ಸೇರಿಸಬೇಕಂತೆ ಎಂದು ಅವಳು ಬರೆದಿದ್ದಳು. ಅದರ ಕೆಳಗೆ ಮಾಸ್ತರರು ತಮ್ಮ ಕೈಯಾರೆ ಬರೆದ ಆ ಸಾಲು ಇದು:

“ಕರ್ಕಿ ಇಳಿಜಾರಿನಲ್ಲಿ ನಮ್ಮ ಗಾಡಿಯ ವೇಗ ಮೂವತ್ತೈದು ಇತ್ತು.”